ದ್ವೀಪದ ಟಾರ್ಟನ್ ಸಭೆಗೆ ಹೋಗಲಾ ಅಂತ ಕೇಳಿದವರಿಗೆ

ಸ್ಕಾಟ್ಲೆಂಡಿನ ಪಡುವಣ ಕಡಲಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಒಂದು ಸಣ್ಣ ದ್ವೀಪಕ್ಕೆ ನರ್ಸ್ ಕೆಲಸಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ. ಆಗಲೇ ದ್ವೀಪಕ್ಕೊಂದು ಟಾರ್ಟನ್ (ಬಣ್ಣದ ಗೆರೆಗಳ ಚೌಕುಳಿ ಬಟ್ಟೆ) ಮಾಡೋ ಸಭೆಗೆ ಕರೆದಿದ್ದಾರೆ, ಇಳಕಲ್ ಕಡೆಯವಳು ನಾನು ಅಲ್ಲಿ ಹೋಗಿ ಏನು ಮಾತಾಡಲಿ ಅಂತ ಕೇಳಿದ್ದೀರಿ. ಹೋಗಿ ಬನ್ನಿ. ಇಲ್ಲಿ ಜನ ಕಡಿಮೆ, ಊರ ಕೆಲಸ ಜಾಸ್ತಿ. ಸುಮ್ನೆ ಬಾಯಿಮಾತಿಗೆ ಯಾರೂ ಕರೆಯುವುದಿಲ್ಲ.

ಟಾರ್ಟನ್ ಅಂದರೆ ಹಳೇ ಮನೆತನದವರ ಸ್ವತ್ತು ಅನ್ನೋ ಅಳುಕು ಬೇಡ. ಮನೆತನಕ್ಕೊಂದು ಟಾರ್ಟನ್ ಅನ್ನೋ ಕಟ್ಟುನಿಟ್ಟು ಬಹುಪಾಲು 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದುಹೋದ ಮೇಲಿನದು. ಊರಿನ, ಸೀಮೆಯ ಟಾರ್ಟನ್‌ಗಳು ಬೇರೆಯೇ ಇವೆ, ಅವನ್ನು ಅಲ್ಲಿ ಬಾಳುವ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸ್ಕೈ ದ್ವೀಪದ ಟಾರ್ಟನ್ 1990ರ ದಶಕದ್ದು. ಅದರ ವಿನ್ಯಾಸ ಮಾಡಿದ್ದು ಸ್ಕೈ ಮೂಲದ ಒಬ್ಬ ಆಸ್ಟ್ರೇಲಿಯಾದ ಮಹಿಳೆ. ಅಷ್ಟೇಕೆ, ಸಿಂಗ್ ಹೆಸರಿನ ಟಾರ್ಟನ್ನೂ ಇದೆ!

ಸಭೆಯಲ್ಲಿ ನಡೆಯೋದು ಬಣ್ಣದ ಜಗಳ. ಒಬ್ಬರಿಗೆ ಸಮುದ್ರದ ನೀಲಿ ಬೇಕು, ಅದೂ ಅವರ ಮನೆ ಮುಂದಿನ ಸಮುದ್ರದ್ದೇ. ಇನ್ನೊಬ್ಬರಿಗೆ ಇಲ್ಲಿ ಉರುವಲಿಗೆ ಅಗೆಯುವ ಪೀಟ್ ಮಣ್ಣಿನ ಕಂದು, ಮತ್ತೊಬ್ಬರಿಗೆ ಹೆದರ್ ಹೂವಿನ ನೇರಳೆ. ಕೊನೆಗೆ ಏಳು ಬಣ್ಣ ಆಗಿರುತ್ತವೆ.

ಮಗ್ಗದ ಸದ್ದಿನಲ್ಲೇ ಬೆಳೆದ ನೀವು ಇಲ್ಲಿ ಬಾಯಿಬಿಡಿ. ಟಾರ್ಟನ್‌ನಲ್ಲಿ ಹಾಸಿಗೂ (ಉದ್ದದ ಎಳೆ) ಹೊಕ್ಕಿಗೂ (ಅಡ್ಡದ ಎಳೆ) ಸಾಮಾನ್ಯವಾಗಿ ಒಂದೇ ಎಳೆಲೆಕ್ಕ, ಅಂದರೆ ಯಾವ ಬಣ್ಣದ್ದು ಎಷ್ಟು ಎಳೆ ಅನ್ನೋ ಲೆಕ್ಕ. ನೀಲಿ ಹಾಸಿನ ಮೇಲೆ ನೀಲಿ ಹೊಕ್ಕು ಸೇರಿದಲ್ಲಿ ಮಾತ್ರ ಅಚ್ಚ ನೀಲಿ. ಅದೇ ಹಾಸಿನ ಮೇಲೆ ಹಳದಿ ಹೊಕ್ಕು ಬಂತೋ, ಸಣ್ಣ ಸಣ್ಣ ಓರೆಗೆರೆಗಳಾಗಿ ಎರಡೂ ಬೆರೆತು ದೂರಕ್ಕೆ ಬೇರೆಯೇ ಒಂದು ಛಾಯೆಯ ಹಾಗೆ ಕಾಣುತ್ತದೆ. ಹೀಗೆ ನಾಲ್ಕು ಬಣ್ಣ ಇಟ್ಟರೆ ಬಟ್ಟೆಯ ಮೇಲೆ 10 ಛಾಯೆ. ಏಳು ಇಟ್ಟರೆ 28, ಎಲ್ಲಾ ಸೇರಿ ಕಲಸುಮೇಲೋಗರ. ನನ್ನ ಕೇಳಿದರೆ ನಾಲ್ಕೇ ಸಾಕು. ಪಟ್ಟು ಬಿಡದವರಿಗೆ ಅವರ ಬಣ್ಣದಲ್ಲಿ ಒಂದು ತೆಳು ಗೆರೆ ಕೊಟ್ಟು ಸಮಾಧಾನ ಮಾಡಿ.

ಕಂಪ್ಯೂಟರ್ ಪರದೆಯ ಬಣ್ಣ ನಂಬಬೇಡಿ. ರಟ್ಟಿನ ಪಟ್ಟಿಗೆ ಎಳೆಲೆಕ್ಕದಂತೆ ಉಣ್ಣೆದಾರ ಸುತ್ತಿ, ಕಿಟಕಿ ಹತ್ತಿರ ಹಿಡಿದು ನೋಡಿ. ನೇಯುವ ಮಿಲ್‌ನಲ್ಲಿ ಯಾವ ದಾರ ಸಿದ್ಧ ಇದೆ ಅಂತ ಮೊದಲೇ ಕೇಳಿಕೊಳ್ಳಿ. ನಮಗೆ ಅಂತಲೇ ಬಣ್ಣ ಹಾಕಿಸಹೊರಟರೆ ಖರ್ಚು ಏರುತ್ತದೆ.

ನೋಂದಣಿ ಆಗೋದು ಎಡಿನ್‌ಬರೋದಲ್ಲಿ. 2008ರ ಕಾಯ್ದೆಯಂತೆ 2009ರಿಂದ ಸರ್ಕಾರಿ ಟಾರ್ಟನ್ ದಾಖಲೆ ಇದೆ. ವಿನ್ಯಾಸ ಹೊಸದಾಗಿರಬೇಕು. ಇಟ್ಟ ಹೆಸರಿಗೂ ಅರ್ಜಿ ಹಾಕಿದವರಿಗೂ ಸಂಬಂಧ ಇದೆ ಅಂತ ತೋರಿಸಬೇಕು. ಅದಕ್ಕೇ ಅರ್ಜಿ ಊರಿನ ಸಂಘದ ಹೆಸರಲ್ಲೇ ಹೋಗಲಿ.

ಒಂದು ಮಾತು: ಮೊದಲ ಸಭೆಯಲ್ಲೇ ಇಳಕಲ್ ಸೆರಗಿನ ಕೆಂಪು ತೂರಿಸಲು ಹೋಗಬೇಡಿ. ಅವರಾಗಿ ಕೇಳಿದರೆ ಆಗ ಪೆಟ್ಟಿಗೆಯಲ್ಲಿರೋ ಸೀರೆಯ ಮಡಿಕೆ ಬಿಚ್ಚಿ ತೋರಿಸಿ, ಖಂಡಿತ ಕೇಳುತ್ತಾರೆ.

ಊಟದ ಬಗ್ಗೆಯೂ ಕೇಳಿದ್ದಿರಿ. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ, ಅಕ್ಕಿ ಬೇಳೆ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಸಭೆಗೆ ಎಲ್ಲರೂ ಚಹಾ ಜೊತೆಗೆ ಏನಾದರೂ ಮಾಡಿ ತರುತ್ತಾರೆ. ಕೋಡುಬಳೆ ಒಯ್ಯೋದಾದರೆ ಖಾರ ಅರ್ಧ ಹಾಕಿ.