ಗುಂಡಿನ ಗುರುತು ಮುಚ್ಚಬೇಕೇ?

ಪ್ರಶ್ನೆ: ಯುದ್ಧದಲ್ಲಿ ಅರ್ಧ ಕುಸಿದ ಐತಿಹಾಸಿಕ ಕಟ್ಟಡವನ್ನು ಮೊದಲಿನಂತೆಯೇ ಕಟ್ಟಬೇಕೇ? ಗೋಡೆಯ ಗುಂಡಿನ ತೂತುಗಳನ್ನು ಏನು ಮಾಡುವುದು?

ಉತ್ತರ: ಎಲ್ಲವನ್ನೂ ಹೊಸದಾಗಿಸಿದರೆ ಊರಿನ ನೆನಪೇ ಅಳಿಸಿಹೋಗುತ್ತದೆ. ಬರ್ಲಿನ್ನಿನ ನೊಯೆಸ್ ಮ್ಯೂಸಿಯಂ ನೋಡಿ. ಎರಡನೇ ಮಹಾಯುದ್ಧದಲ್ಲಿ ಹಾಳಾಗಿ ದಶಕಗಳ ಕಾಲ ಪಾಳುಬಿದ್ದಿದ್ದ ಅದು ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ವಿನ್ಯಾಸದಲ್ಲಿ 2009ರಲ್ಲಿ ಮತ್ತೆ ತೆರೆಯಿತು. ಕುಸಿದ ಭಾಗಕ್ಕೆ ಹಳೆಯ ಇಟ್ಟಿಗೆಗಳನ್ನೇ ತಂದು ಬಳಸಿದರು. ಮುಖ್ಯ ಮೆಟ್ಟಿಲು ಮಾತ್ರ ಹಳೆಯ ಆಕಾರದಲ್ಲೇ, ಅಲಂಕಾರವಿಲ್ಲದೆ, ಬಿಳಿ ಕಾಂಕ್ರೀಟಿನಲ್ಲಿ ಎದ್ದಿತು. ಹಳತು ಯಾವುದು, ಹೊಸತು ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ.

ತೂತುಗಳನ್ನು ಉಳಿಸಿ. ಆದರೆ ಕೆಳ ಅಂಚಿನಲ್ಲಿ ಮಳೆನೀರು ನಿಲ್ಲದಂತೆ ಸುಣ್ಣದ ಗಾರೆಯಿಂದ ಹೊರಕ್ಕೆ ಇಳಿಜಾರು ಕೊಡಿ: 1 ಪಾಲು ಸುಣ್ಣ, 3 ಪಾಲು ಮರಳು. ಸಿಮೆಂಟ್ ಬೇಡವೇ ಬೇಡ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಆ ತೇವದಲ್ಲಿರುವ ಉಪ್ಪು ಹರಳುಗಟ್ಟಿ ಹಳೆಯ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ.