ಬಿಸಿ ಕಾರು ಸೆಲ್ಫ್ ತಗೊಳ್ಳುತ್ತಿಲ್ಲವೇ? ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ನನ್ನದು 1969ರ ಷೆವ್ರೊಲೆ, ವಿ8 ಎಂಜಿನ್, ಹೆಡರ್ (ಕೊಳವೆ ಕೊಳವೆಯಾಗಿರುವ ಎಕ್ಸಾಸ್ಟ್) ಹಾಕಿಸಿದ್ದೇನೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಒಂದು ಗಂಟೆ ಓಡಿಸಿ ಪೆಟ್ರೋಲಿಗೆ ನಿಲ್ಲಿಸಿದರೆ ಮುಗಿಯಿತು, ಕೀ ತಿರುಗಿಸಿದಾಗ ‘ಟಕ್’ ಅನ್ನುತ್ತದೆ ಅಷ್ಟೆ. ಮುಕ್ಕಾಲು ಗಂಟೆ ಬಿಟ್ಟರೆ ಮತ್ತೆ ಸರಿ. ಈಗಾಗಲೇ ಎರಡು ಸೆಲ್ಫ್ ಮೋಟಾರ್ ಬದಲಾಯಿಸಿದ್ದೇನೆ. ಮೂರನೆಯದಕ್ಕೆ ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಬರೆದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಒಳ್ಳೆಯ ಮೋಟಾರನ್ನು ಗುಜರಿಗೆ ಹಾಕಿದವರೇ.

ಎಂಜಿನ್ ಆಫ್ ಮಾಡಿದ ಕ್ಷಣ ಗಾಳಿಯೂ ನಿಲ್ಲುತ್ತದೆ, ನೀರಿನ ಓಟವೂ ನಿಲ್ಲುತ್ತದೆ. ಕೆಂಡದಂಥ ಎಕ್ಸಾಸ್ಟ್ ಪಕ್ಕದಲ್ಲೇ ಇರುವ ಸೊಲೆನಾಯ್ಡ್ (ಸೆಲ್ಫ್ ಮೇಲೆ ಕೂತ, ತಂತಿ ಸುರುಳಿಯಿಂದ ನಡೆಯುವ ಸ್ವಿಚ್) ಮೊದಲ ಹತ್ತು ಹದಿನೈದು ನಿಮಿಷ ತಣಿಯುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ. ತಾಮ್ರದ ತಂತಿಯ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39% ಏರುತ್ತದೆ. 20 ಡಿಗ್ರಿಯಲ್ಲಿದ್ದ ಸುರುಳಿ 100 ಡಿಗ್ರಿಗೆ ಬಂದರೆ ರೆಸಿಸ್ಟೆನ್ಸ್ ಮೂರನೇ ಒಂದು ಭಾಗದಷ್ಟು ಹೆಚ್ಚಾಯಿತು, ಕರೆಂಟ್ ಮುಕ್ಕಾಲಿಗೆ ಇಳಿಯಿತು. ಎಂಜಿನ್ನನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ ಪಿನಿಯನ್ನನ್ನು ಮುಂದೆ ತಳ್ಳಿ, ಮೋಟಾರಿಗೆ ಕರೆಂಟ್ ಬಿಡುವ ಒಳಗಿನ ತಾಮ್ರದ ಬಿಲ್ಲೆಯನ್ನು ಒತ್ತಿ ಹಿಡಿಯುವ ಬಲ ಸೊಲೆನಾಯ್ಡಿಗೆ ಸಾಲುವುದಿಲ್ಲ.

ಆದರೆ ಇದೇ ಕಾರು ಹೊಸದಾಗಿದ್ದಾಗ ಇದೇ ಬಿಸಿಯಲ್ಲಿ ಸ್ಟಾರ್ಟ್ ಆಗುತ್ತಿತ್ತಲ್ಲ? ಹೆಡರಿನಿಂದ ಬಿಸಿ ಹೆಚ್ಚಾಗಿದೆ, ಒಪ್ಪುತ್ತೇನೆ. ಅದಕ್ಕಿಂತ ದೊಡ್ಡದು, ಸೊಲೆನಾಯ್ಡಿಗೆ ತಲುಪುವ ವೋಲ್ಟೇಜ್ ಕುಸಿದಿದೆ. ಆ ಕರೆಂಟ್ ಬರುವ ದಾರಿ ನೋಡಿ: ಬ್ಯಾಟರಿಯಿಂದ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು ಗೋಡೆ) ಕನೆಕ್ಟರ್, ಅಲ್ಲಿಂದ ಇಗ್ನಿಷನ್ ಸ್ವಿಚ್, ಆಟೊಮ್ಯಾಟಿಕ್ ಗೇರ್ ಇದ್ದರೆ ಗೇರಿನಲ್ಲಿ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್, ಮತ್ತೆ ಅದೇ ಕನೆಕ್ಟರ್ ದಾಟಿ ಕೆಳಗೆ. ಐವತ್ತು ವರ್ಷ ಹಳೆಯ ಒಂದೊಂದು ಜೋಡಣೆಯೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ. ತಣ್ಣಗಿದ್ದಾಗ ಉಳಿದದ್ದು ಹೇಗೋ ಸಾಕಾಗುತ್ತದೆ, ಬಿಸಿಯಾದಾಗ ಸಾಕಾಗುವುದಿಲ್ಲ. ನನ್ನ ಕಾರಿನಲ್ಲಿ ಇದೇ ತೊಂದರೆ ಬಂದಾಗ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ದೆ. ಸಾಲಿನಲ್ಲಿ ಒಂದೇ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನಿನ ಮೇಲೆ ಹಸಿರು ಕಿಲುಬು. ಆ ಒಂದು ಪಿನ್ ಸರಿಮಾಡಿದ ಮೇಲೆ ಕಾರು ದಾರಿಯಲ್ಲಿ ನನ್ನನ್ನು ನಿಲ್ಲಿಸಿಲ್ಲ.

ಪರೀಕ್ಷೆ ಹೀಗೆ. ಕಾರು ತಣ್ಣಗಿರುವಾಗ ಬ್ಯಾಟರಿ ಬಿಚ್ಚಿ, ಸೊಲೆನಾಯ್ಡಿನ ‘ಎಸ್’ ಟರ್ಮಿನಲ್‌ಗೆ ಚಿಕ್ಕ ಫ್ಯೂಸ್ ಇರುವ ತೆಳು ತಂತಿ ಸೇರಿಸಿ, ಎಕ್ಸಾಸ್ಟಿಗೂ ಫ್ಯಾನಿಗೂ ತಾಗದಂತೆ ಮೇಲೆ ತಂದು, ತುದಿಗೆ ಟೇಪ್ ಸುತ್ತಿಡಿ. ಸುಡುವ ಕಾರಿನ ಕೆಳಗೆ ಕೈ ಹಾಕುವ ಕೆಲಸ ತಪ್ಪುತ್ತದೆ. ಬ್ಯಾಟರಿ ಜೋಡಿಸಿ, ಕಾರು ಓಡಿಸಿ, ಅದು ಹಟ ಹಿಡಿದ ಹೊತ್ತಿಗೆ ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರಿಗೆ ಕೀ ತಿರುಗಿಸಿ ಹಿಡಿಯಲು ಹೇಳಿ. ಮಲ್ಟಿಮೀಟರಿನಲ್ಲಿ ಅಳೆಯಿರಿ: ಆ ತಂತಿಯಲ್ಲಿ ಎಷ್ಟು ವೋಲ್ಟ್, ಅದೇ ಕ್ಷಣ ಬ್ಯಾಟರಿಯಲ್ಲಿ ಎಷ್ಟು? ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ತಪ್ಪು ವೈರಿಂಗಿನದು. ಎರಡೂ ಹತ್ತಿರ ಹತ್ತಿರ ಇದ್ದು, ಬ್ಯಾಟರಿಯೂ ಗಟ್ಟಿಯಾಗಿದ್ದು, ಬರೀ ‘ಟಕ್’ ಅಂದರೆ ಮಾತ್ರ ಸೆಲ್ಫ್ ಇಳಿಸಿ.

ವೈರಿಂಗ್ ದೋಷಕ್ಕೆ ಮದ್ದು ಒಂದು 40 ಆಂಪ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್. ಅದರ ಪಿನ್ನುಗಳ ಪಕ್ಕದಲ್ಲಿ ಸಂಖ್ಯೆ ಬರೆದಿರುತ್ತದೆ. ಮೊದಲು ಎಸ್‌ಗೆ ಬರುತ್ತಿದ್ದ ನೇರಳೆ ತಂತಿಯನ್ನು 86ಕ್ಕೆ ಕೊಡಿ, 85 ಅರ್ತ್‌ಗೆ, ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ 30ಕ್ಕೆ, 87ರಿಂದ ನೇರ ಎಸ್‌ಗೆ. ಹಳೆಯ ಸ್ವಿಚ್ ಇನ್ನು ರಿಲೇಯನ್ನಷ್ಟೇ ಎಬ್ಬಿಸಬೇಕು, ಭಾರ ಹೊರಬೇಕಿಲ್ಲ.

ಫೋರ್ಡ್ ಕಾರುಗಳಂತೆ ಸೊಲೆನಾಯ್ಡನ್ನು ಫೆಂಡರ್ ಮೇಲೆ ಕೂರಿಸಿ, ಸೆಲ್ಫ್ ಮೇಲಿನ ಎರಡು ಟರ್ಮಿನಲ್‌ಗಳನ್ನು ಲೋಹದ ಪಟ್ಟಿಯಿಂದ ಸೇರಿಸಿಬಿಡಿ ಎಂದು ಹೇಳುವವರಿದ್ದಾರೆ. ಹಳೆಯ ಮೋಟಾರಿಗೆ ನಡೆಯುತ್ತದೆ. ಪರ್ಮನೆಂಟ್ ಮ್ಯಾಗ್ನೆಟ್ ಇರುವ ಹೊಸ ಮಿನಿ ಸೆಲ್ಫ್‌ಗೆ ದಯವಿಟ್ಟು ಹಾಗೆ ಮಾಡಬೇಡಿ. ಕೀ ಬಿಟ್ಟ ಮೇಲೂ ತಿರುಗುತ್ತಿರುವ ಆ ಮೋಟಾರ್ ತಾನೇ ಕರೆಂಟ್ ಹುಟ್ಟಿಸಿ ಸೊಲೆನಾಯ್ಡನ್ನು ಹಿಡಿದಿಡುತ್ತದೆ, ಪಿನಿಯನ್ ಹಿಂದೆ ಸರಿಯುವುದು ತಡವಾಗುತ್ತದೆ.

ಅರ್ತ್ ಮರೆಯಬೇಡಿ. ತಣ್ಣಗಿರುವಾಗ ಕ್ರ್ಯಾಂಕ್ ಮಾಡುತ್ತಾ (ಸೆಲ್ಫ್‌ನಿಂದ ಎಂಜಿನ್ ತಿರುಗಿಸುತ್ತಾ) ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ. 0.2 ವೋಲ್ಟ್ ದಾಟಿದರೆ ಕೇಬಲ್ ಬಿಚ್ಚಿ, ಕೆಳಗಿನ ಪೇಂಟ್ ಕೆರೆದು ಮತ್ತೆ ಬಿಗಿಯಿರಿ. ಚೆಂದಕ್ಕೆ ಬ್ಲಾಕಿಗೆಲ್ಲ ಪೇಂಟ್ ಹೊಡೆಸಿದ ಕಾರುಗಳಲ್ಲಿ ಈ ಕಾಯಿಲೆ ಜಾಸ್ತಿ. ಇಷ್ಟೆಲ್ಲ ಆದ ಮೇಲೆ ಬಿಸಿ ತಡೆಯುವ ತಗಡು ಹಾಕಿ, ಅದಕ್ಕೂ ಸೆಲ್ಫ್‌ಗೂ ನಡುವೆ ಬೆರಳಗಲ ಗಾಳಿ ಇರಲಿ. ಹೆಡರಿಗೆ ಬಟ್ಟೆಯಂಥ ಪಟ್ಟಿ ಸುತ್ತುವುದು ನನಗೆ ಇಷ್ಟವಿಲ್ಲ, ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಬಿಸಿಯಲ್ಲಿ ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ರಿಲೇ ಹಾಕಲೇ?

ಉತ್ತರ: ಬೇಡ, ಸೆಲ್ಫ್ ತನ್ನ ಕೆಲಸ ಮಾಡುತ್ತಿದೆ; ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಕುದಿಯುತ್ತಿದೆಯೇ ನೋಡಿ.

ಪ್ರಶ್ನೆ: ಸುತ್ತಿಗೆಯಲ್ಲಿ ತಟ್ಟಿದರೆ ಸರಿಹೋಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ: ಮ್ಯಾಗ್ನೆಟ್ ಸೀಳಿದರೆ ಅವರೇ ಹೊಸದು ತಂದುಕೊಡುತ್ತಾರಾ ಕೇಳಿ.

ಪ್ರಶ್ನೆ: ಬಿಸಿ ಸೆಲ್ಫ್ ಮೇಲೆ ನೀರು ಸುರಿಯಬಹುದೇ?

ಉತ್ತರ: ಬೇಡವೇ ಬೇಡ.

ಪ್ರಶ್ನೆ: ಬಿಸಿಯಾದಾಗ ಎಂಜಿನ್ ತಡೆದು ತಡೆದು, ಹಿಂದಕ್ಕೆ ಒದ್ದಂತೆ ತಿರುಗುತ್ತದೆ.

ಉತ್ತರ: ಇಗ್ನಿಷನ್ ಕನೆಕ್ಷನ್ ಕಳಚಿ ಕ್ರ್ಯಾಂಕ್ ಮಾಡಿ, ಸಲೀಸಾಗಿ ತಿರುಗಿದರೆ ಟೈಮಿಂಗ್ ತೀರಾ ಅಡ್ವಾನ್ಸ್ ಆಗಿದೆ, ಅಂದರೆ ಕಿಡಿ ಬೇಕಾದದ್ದಕ್ಕಿಂತ ಬೇಗ ಹಾರುತ್ತಿದೆ.

ಪ್ರಶ್ನೆ: ದಾರಿಯಲ್ಲಿ ಕೈಕೊಟ್ಟಾಗ ಸ್ಕ್ರೂಡ್ರೈವರ್‌ನಿಂದ ಟರ್ಮಿನಲ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡುತ್ತೇನೆ. ತೊಂದರೆಯೇನು?

ಉತ್ತರ: ಗೇರಿನಲ್ಲಿದ್ದ ಕಾರು ಸ್ಟಾರ್ಟ್ ಆದರೆ ಮೊದಲು ಹತ್ತುವುದು ಕೆಳಗೆ ಮಲಗಿದವರ ಮೇಲೆ. ಇನ್ನೊಂದು ಸಲ ಹಾಗೆ ಮಾಡಬೇಡಿ. ಅರ್ಧ ಗಂಟೆ ಬಾನೆಟ್ ತೆರೆದಿಟ್ಟು ಕಾಯಿರಿ.