ಹಾಟ್‌ಸ್ಪಾಟ್ ಕನೆಕ್ಟ್ ಆಗಿದೆ, ಆದ್ರೂ ನೆಟ್ ಬರ್ತಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ತೋಟದ ಪಕ್ಕ ಮನೆ. ಪಿಯುಸಿ ಓದುವ ಮಗಳಿಗೆ ಆನ್‌ಲೈನ್ ಕೋಚಿಂಗ್‌ಗೆಂದು ಟ್ಯಾಬ್ ಕೊಡಿಸಿದ್ದೇವೆ. ಅದಕ್ಕೆ ಸಿಮ್ ಹಾಕಲು ಬರುವುದಿಲ್ಲ, ವೈಫೈ ಮಾತ್ರ. ನನ್ನ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಟ್ಯಾಬ್ ಕನೆಕ್ಟ್ ಆಗುತ್ತದೆ, ಆದರೆ ವಿಡಿಯೊ ಸುತ್ತುತ್ತಾ ನಿಂತುಬಿಡುತ್ತದೆ. ಫೋನಿಗೆ ಕರೆ ಬಂದರಂತೂ ಕ್ಲಾಸೇ ಕಟ್. ದಿನದ 2 ಜಿಬಿ ಮಧ್ಯಾಹ್ನದೊಳಗೆ ಖಾಲಿ. ಟ್ಯಾಬ್ ಬದಲಾಯಿಸಬೇಕೇ?

ಉತ್ತರ: ಬೇಡ. ಕನೆಕ್ಟ್ ಆಗುತ್ತಿದೆ ಅಂದಮೇಲೆ ಟ್ಯಾಬ್‌ನ ವೈಫೈ ಸರಿಯಾಗಿಯೇ ಇದೆ. ತೊಂದರೆ ಫೋನಿನ ಆಚೆ ಬದಿಯಲ್ಲಿದೆ.

ಹಾಟ್‌ಸ್ಪಾಟ್ ಹಾಕಿದಾಗ ಫೋನು ಒಂದು ಕಡೆ ಟವರ್ ಜೊತೆ, ಇನ್ನೊಂದು ಕಡೆ ಟ್ಯಾಬ್ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಟ್ಯಾಬ್‌ನಲ್ಲಿ ಕಾಣುವ ವೈಫೈ ಗುರುತು ಈ ಎರಡನೆಯದನ್ನು ಮಾತ್ರ ತೋರಿಸುತ್ತದೆ. ಫೋನ್ ಪಕ್ಕದಲ್ಲೇ ಇದ್ದರೆ ಗುರುತು ಪೂರ್ತಿ ತುಂಬಿರುತ್ತದೆ. ಟವರ್ ಕಡೆಯಿಂದ ಏನೂ ಬರದಿದ್ದರೂ ತುಂಬಿರುತ್ತದೆ! ಆ ಗುರುತಿನ ಮೇಲೆ ಸಣ್ಣ ಆಶ್ಚರ್ಯಸೂಚಕ ಚಿಹ್ನೆ ಬಂದರೆ ಫೋನ್ ಸಿಕ್ಕಿದೆ, ನೆಟ್ ಸಿಕ್ಕಿಲ್ಲ ಅಂತ ತಿಳಿಯಿರಿ.

ಮಲೆನಾಡಿನಲ್ಲಿ ತೋಟ ಇರುವುದು ತಗ್ಗಿನಲ್ಲಿ, ಮನೆಯೂ ಅಲ್ಲೇ. ಸುತ್ತ ಗುಡ್ಡ, ಮರ, ದಪ್ಪ ಗೋಡೆ. ಮಗಳು ಒಳಕೋಣೆಯಲ್ಲಿ ಟ್ಯಾಬ್ ಹಿಡಿದು ಕೂತರೆ ನಾವೂ ಫೋನನ್ನು ಅವಳ ಪಕ್ಕವೇ ಇಡುತ್ತೇವೆ ಅಲ್ವಾ? ಅಲ್ಲೇ ಎಡವಟ್ಟಾಗುವುದು. ಫೋನ್ ಇರಬೇಕಾದದ್ದು ಟವರ್ ಸಿಗ್ನಲ್ ಚೆನ್ನಾಗಿ ಸಿಗುವ ಜಾಗದಲ್ಲಿ. ಉಪ್ಪರಿಗೆಯ ಕಿಟಕಿ ಇರಬಹುದು, ಜಗಲಿಯ ಮೂಲೆ ಇರಬಹುದು. ಟ್ಯಾಬ್ ಅಲ್ಲಿಂದ ಎಂಟು-ಹತ್ತು ಮೀಟರ್ ದೂರ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ.

ಒಳ್ಳೆಯ ಜಾಗ ಹುಡುಕಲು ಕಡ್ಡಿ ಲೆಕ್ಕ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ತೆರೆಯಿರಿ. 'ಸಿಗ್ನಲ್ ಸ್ಟ್ರೆಂತ್' ಎಂದು ಮೈನಸ್ ಗುರುತಿನ ಒಂದು ಸಂಖ್ಯೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -90ರ ಆಸುಪಾಸು ಇದ್ದರೆ ಕ್ಲಾಸ್ ಸಲೀಸಾಗಿ ನಡೆಯುತ್ತದೆ. -115 ದಾಟಿದರೆ ವಿಡಿಯೊ ಕಷ್ಟ. ಫೋನ್ ಕೈಯಲ್ಲಿ ಹಿಡಿದು ಮನೆಯಲ್ಲಿ ಒಂದು ಸುತ್ತು ಬನ್ನಿ. ಪ್ರತಿ ಜಾಗದಲ್ಲೂ ಸ್ವಲ್ಪ ಹೊತ್ತು ನಿಲ್ಲಿ, ಸಂಖ್ಯೆ ಬದಲಾಗಲು ಸಮಯ ಬೇಕು.

ಜಾಗ ಸಿಕ್ಕಿದ ಮೇಲೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಬ್ಯಾಂಡ್' 2.4 ಗಿಗಾಹರ್ಟ್ಸ್ ಎಂದು ಆರಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಬಳಲಿಬಿಡುತ್ತದೆ. ನಿಮ್ಮ ಮನೆಗೆ 2.4 ಸರಿ. ಫೋನನ್ನು ಬಿಸಿಲು ಬೀಳುವ ಕಡೆ ಮಾತ್ರ ಇಡಬೇಡಿ. ಸಿಗ್ನಲ್ ಕಡಿಮೆ ಇರುವಲ್ಲಿ ಟವರ್ ಮುಟ್ಟಲು ಅದು ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ, ಹಾಗಾಗಿ ಮೊದಲೇ ಬಿಸಿಯಾಗಿರುತ್ತದೆ. ಚಾರ್ಜ್‌ಗೆ ಹಾಕಿಯೇ ಬಳಸುವುದಾದರೆ ಹಿಂದಿನ ಕವರ್ ತೆಗೆದುಬಿಡಿ.

ಕರೆ ಬಂದಾಗ ಕ್ಲಾಸ್ ನಿಲ್ಲುವುದಕ್ಕೆ ಬೇರೆ ಕಾರಣ. ನಿಮ್ಮ ಫೋನಿನಲ್ಲಿ ಬಹುಶಃ ಎರಡು ಸಿಮ್ ಇವೆ. ಹೆಚ್ಚಿನ ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುತ್ತಿರುವಾಗ ಇನ್ನೊಂದರ ಡೇಟಾ ನಿಂತುಹೋಗುತ್ತದೆ. ಡೇಟಾ ಇರುವ ಸಿಮ್‌ಗೇ ಕರೆ ಬಂದರೆ, ವೋಲ್ಟಿ (4ಜಿ ಮೂಲಕವೇ ಕರೆ ನಡೆಸುವ ವ್ಯವಸ್ಥೆ) ಆನ್ ಇದ್ದರೆ, ಮಾತೂ ನೆಟ್ಟೂ ಒಟ್ಟಿಗೆ ನಡೆಯುತ್ತವೆ. ಹಾಗಾಗಿ ಕ್ಲಾಸಿನ ಹೊತ್ತಿನಲ್ಲಿ ಇನ್ನೊಂದು ಸಿಮ್ ಆಫ್ ಮಾಡಿಡಿ. ಇರುವುದು ಒಂದೇ ಸಿಮ್ ಆದರೆ ವೋಲ್ಟಿ ಆನ್ ಇದೆಯೇ ನೋಡಿ.

ಈಗ 2 ಜಿಬಿಯ ವಿಷಯ. ಇದು ಬಹಳ ಮನೆಗಳ ದೂರು, ಮಕ್ಕಳಿಗೆ ಸುಮ್ನೆ ಬೈಗುಳ ಬೀಳುತ್ತದೆ. ಟ್ಯಾಬ್‌ಗೆ ಫೋನಿನ ಹಾಟ್‌ಸ್ಪಾಟ್ ಕೂಡ ವೈಫೈಯೇ. ವೈಫೈ ಸಿಕ್ಕಿದಾಗಲೇ ಮಾಡೋಣ ಎಂದು ಕಾದಿಟ್ಟ ಕೆಲಸಗಳನ್ನೆಲ್ಲ ಅದು ಆಗ ಶುರು ಮಾಡಬಹುದು: ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್. ಯೂಟ್ಯೂಬ್ ಕೂಡ ವೈಫೈ ಮತ್ತು ಮೊಬೈಲ್ ಡೇಟಾಗೆ ಬೇರೆ ಬೇರೆ ಗುಣಮಟ್ಟ ಇಟ್ಟುಕೊಂಡಿರುತ್ತದೆ. 480ಪಿಯಲ್ಲಿ ಒಂದು ಗಂಟೆಗೆ ಸುಮಾರು ಅರ್ಧ ಜಿಬಿ ಖರ್ಚಾದರೆ, 1080ಪಿಯಲ್ಲಿ ಅದರ ಮೂರು ಪಟ್ಟು ಹೋದರೂ ಆಶ್ಚರ್ಯವಿಲ್ಲ. ಬೋರ್ಡ್ ಮೇಲಿನ ಅಕ್ಷರ ಓದಲು 480 ಸಾಕು.

ಟ್ಯಾಬ್‌ನ ವೈಫೈ ಪಟ್ಟಿಯಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪಕ್ಕ ಹಲ್ಲುಚಕ್ರದ ಗುರುತು ಇರುತ್ತದೆ. ಅದನ್ನು ಒತ್ತಿ 'ಟ್ರೀಟ್ ಆ್ಯಸ್ ಮೀಟರ್ಡ್' ಆರಿಸಿ. ಇದು ಲೆಕ್ಕದ ಡೇಟಾ ಎಂದು ಟ್ಯಾಬ್‌ಗೆ ಆಗ ಗೊತ್ತಾಗುತ್ತದೆ, ದೊಡ್ಡ ಕೆಲಸಗಳನ್ನು ತಡೆಹಿಡಿಯುತ್ತದೆ. ಪ್ಲೇ ಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ನಿಲ್ಲಿಸಿ. ಯೂಟ್ಯೂಬ್‌ನಲ್ಲಿ ವೈಫೈ ಗುಣಮಟ್ಟವನ್ನೂ 'ಡೇಟಾ ಸೇವರ್'ಗೆ ಇಳಿಸಿ. ದಿನದ ಮಿತಿ ಮುಗಿದ ಮೇಲೆ ಹೆಚ್ಚಿನ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಅದರಲ್ಲಿ ವಾಟ್ಸಾಪ್ ಅಕ್ಷರ ಹೋದೀತು, ಕ್ಲಾಸ್ ನಡೆಯುವುದಿಲ್ಲ.

ಪ್ರಶ್ನೆ: ನಾನಿರುವುದು ಬೆಂಗಳೂರಿನ ಪಿಜಿಯಲ್ಲಿ. ಹಳೆಯ ಕಿಂಡಲ್‌ಗೆ ಪುಸ್ತಕ ಇಳಿಸಬೇಕು. ಐಫೋನ್ 13ರ ಹಾಟ್‌ಸ್ಪಾಟ್ ಲ್ಯಾಪ್‌ಟಾಪ್‌ಗೆ ಕಾಣುತ್ತದೆ, ಕಿಂಡಲ್‌ಗೆ ಕಾಣುವುದೇ ಇಲ್ಲ.

ಉತ್ತರ: ಹಳೆಯ ಕಿಂಡಲ್‌ಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗೊತ್ತಿಲ್ಲ. ಐಫೋನ್ 12 ಮತ್ತು ಆಮೇಲಿನವು 5ರಲ್ಲೇ ಹಾಟ್‌ಸ್ಪಾಟ್ ಹರಡುತ್ತವೆ. 'ಪರ್ಸನಲ್ ಹಾಟ್‌ಸ್ಪಾಟ್' ಒಳಗೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಮಾಡಿ, 2.4ಕ್ಕೆ ಬರುತ್ತದೆ. ಕಿಂಡಲ್ ಕನೆಕ್ಟ್ ಆಗುವವರೆಗೆ ಆ ಪರದೆ ತೆರೆದೇ ಇರಲಿ. ಅದನ್ನು ಮುಚ್ಚಿದರೆ ಹಾಟ್‌ಸ್ಪಾಟ್ ಸ್ವಲ್ಪ ಹೊತ್ತಿನಲ್ಲಿ ಮರೆಯಾಗಬಹುದು. ಪುಸ್ತಕಗಳು ಚಿಕ್ಕವು, ಡೇಟಾ ಖರ್ಚಿನ ಚಿಂತೆ ಬೇಡ. ಇಳಿದ ಮೇಲೆ ಕಿಂಡಲ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಬ್ಯಾಟರಿ ಇನ್ನೂ ಹೆಚ್ಚು ದಿನ ಬರುತ್ತದೆ.

ಪ್ರಶ್ನೆ: ರೈಲಿನಲ್ಲಿ ಪಕ್ಕದವರು 'ಸ್ವಲ್ಪ ಹಾಟ್‌ಸ್ಪಾಟ್ ಕೊಡ್ತೀರಾ' ಅಂತ ಕೇಳುತ್ತಾರೆ. ಕೊಡಬಹುದೇ?

ಉತ್ತರ: ಟಿಕೆಟ್ ತೋರಿಸಲೋ, ಮನೆಗೊಂದು ಮೆಸೇಜ್ ಕಳಿಸಲೋ ಪರದಾಡುತ್ತಿದ್ದರೆ ಕೊಡಿ, ಅದು ಮನುಷ್ಯತ್ವ. ಆದರೆ ನಿಮ್ಮ ನೆಟ್‌ನಲ್ಲಿ ಅವರು ಏನು ಮಾಡಿದರೂ ಅದು ನಿಮ್ಮ ಹೆಸರಿನ ಸಿಮ್‌ನ ಲೆಕ್ಕಕ್ಕೆ ಬರುತ್ತದೆ. ಕ್ಯೂಆರ್ ತೋರಿಸಿ ಕೊಟ್ಟರೂ ಪಾಸ್‌ವರ್ಡ್ ಅವರ ಫೋನಿನಲ್ಲಿ ಉಳಿದುಕೊಳ್ಳುತ್ತದೆ. ಅವರ ಕೆಲಸ ಮುಗಿದ ಕೂಡಲೇ ಹಾಟ್‌ಸ್ಪಾಟ್ ಆಫ್ ಮಾಡಿ ಪಾಸ್‌ವರ್ಡ್ ಬದಲಾಯಿಸಿ. ಮೊಬೈಲ್ ನಂಬರನ್ನೋ ಹುಟ್ಟಿದ ದಿನಾಂಕವನ್ನೋ ಪಾಸ್‌ವರ್ಡ್ ಮಾಡಿಕೊಂಡಿದ್ದರೆ ಅದನ್ನು ಇವತ್ತೇ ಬದಲಾಯಿಸಿ.